ಎರಡನೇ ಡಿಎನ್‌ಎಸ್ ಆಗಿ 8.8.8.8 ಕೊಡಬಹುದಾ?

ಪ್ರಶ್ನೆ: ಆಫೀಸ್ ನೆಟ್‌ವರ್ಕ್‌ಗೆ ಡಿಎನ್‌ಎಸ್ ಫಾರ್ವರ್ಡರ್ (ಯಾವ ಹೆಸರಿಗೆ ಯಾವ ಐಪಿ ಅನ್ನುವ ಪ್ರಶ್ನೆಯನ್ನು ಬೇರೆ ಡಿಎನ್‌ಎಸ್ ಸರ್ವರಿಗೆ ದಾಟಿಸಿ ಉತ್ತರ ತರುವ ಸರ್ವರ್) ಹಾಕಿದ್ದೇವೆ. ಅದು ಕೆಟ್ಟರೆ ಇರಲಿ ಅಂತ ಎರಡನೇ ಡಿಎನ್‌ಎಸ್ ಆಗಿ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ 8.8.8.8 ಕೊಟ್ಟಿದ್ದೇವೆ. ಇಂಟರ್ನೆಟ್ ಚೆನ್ನಾಗಿದೆ. ಆದರೆ ಒಳಗಿನ ಫೈಲ್ ಸರ್ವರ್ ಒಮ್ಮೊಮ್ಮೆ ಹೆಸರು ಹಾಕಿದರೆ ಸಿಗುವುದಿಲ್ಲ, ಐಪಿ ಹಾಕಿದರೆ ಸಿಗುತ್ತದೆ. ಯಾಕೆ?

ಉತ್ತರ: ತೊಂದರೆ ಇರುವುದು ಬಹುಶಃ ಆ 8.8.8.8 ನಲ್ಲೇ. ಮೊದಲು ಅದನ್ನು ತೆಗೆದುಬಿಡಿ.

ಮೊದಲನೆಯದು ಪೂರ್ತಿ ನಿಂತುಹೋದಾಗ ಮಾತ್ರ ಎರಡನೆಯದರ ಸರದಿ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಫಾರ್ವರ್ಡರ್ ಸ್ವಲ್ಪ ತಡ ಮಾಡಿದರೂ ಸಾಕು, ಕಂಪ್ಯೂಟರ್ ಎರಡನೆಯದನ್ನು ಕೇಳಿಬಿಡುತ್ತದೆ. ಕೆಲವು ಸಿಸ್ಟಮ್‌ಗಳು ಒಮ್ಮೆ ಅತ್ತ ಹೋದರೆ ಬೇಗ ವಾಪಸ್ ಬರುವುದೂ ಇಲ್ಲ. ನಿಮ್ಮ ಫೈಲ್ ಸರ್ವರಿನ ಹೆಸರು ಗೂಗಲ್‌ಗೆ ಹೇಗೆ ಗೊತ್ತಾಗಬೇಕು? ಅಂಥ ಹೆಸರೇ ಇಲ್ಲ ಅನ್ನುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಅದೂ ಸರಿಯಾದ ಉತ್ತರವೇ. ಹಾಗಾಗಿ ಮತ್ತೆ ಫಾರ್ವರ್ಡರನ್ನು ಕೇಳುವುದಿಲ್ಲ. ಸಾಲದ್ದಕ್ಕೆ ಆ ‘ಇಲ್ಲ’ವನ್ನು ಸ್ವಲ್ಪ ಹೊತ್ತು ಕ್ಯಾಶ್‌ನಲ್ಲೂ ಇಟ್ಟುಕೊಳ್ಳುತ್ತದೆ. ದಿನವಿಡೀ ಸರಿಯಿದ್ದು ನಡುವೆ ಕೈಕೊಡುವುದು ಇದಕ್ಕೇ.

ಒಂದು ಕೆಟ್ಟರೆ ಇನ್ನೊಂದು ಬೇಕು ಅನ್ನುವ ನಿಮ್ಮ ಯೋಚನೆ ಸರಿಯೇ. ಆದರೆ ಆ ಇನ್ನೊಂದು ಕೂಡ ನಿಮ್ಮದೇ ಫಾರ್ವರ್ಡರ್ ಆಗಿರಬೇಕು, ಎರಡರ ಸೆಟ್ಟಿಂಗ್ ಒಂದೇ ಇರಬೇಕು. ಡಿಎಚ್‌ಸಿಪಿಯಲ್ಲಿ (ಕಂಪ್ಯೂಟರ್‌ಗಳಿಗೆ ಐಪಿ, ಡಿಎನ್‌ಎಸ್ ವಿವರಗಳನ್ನು ತಾನಾಗಿ ಹಂಚುವ ವ್ಯವಸ್ಥೆ) ಆ ಎರಡು ಐಪಿ ಮಾತ್ರ ಕೊಡಿ. 8.8.8.8 ಅಥವಾ ಅಂಥದ್ದೇ ಇನ್ನೊಂದು ಸಾರ್ವಜನಿಕ ಡಿಎನ್‌ಎಸ್ 1.1.1.1 ಇರಬೇಕಾದ ಜಾಗ ಫಾರ್ವರ್ಡರಿನ ಒಳಗೆ, ಅಪ್‌ಸ್ಟ್ರೀಮ್ ಆಗಿ, ಅಂದರೆ ಫಾರ್ವರ್ಡರ್ ಮುಂದೆ ಕೇಳುವ ಸರ್ವರ್ ಆಗಿ.

ಇನ್ನು ಒಳಗಿನ ಹೆಸರುಗಳು. ಆಫೀಸಿನ ಒಳಗಿನ ಡೊಮೈನಿನ (ಒಳಗಿನ ಹೆಸರುಗಳ ಕೊನೆಗೆ ಬರುವ ಸಾಮಾನ್ಯ ಹೆಸರು) ಪ್ರಶ್ನೆಗಳು ಮಾತ್ರ ಒಳಗಿನ ಡಿಎನ್‌ಎಸ್ ಸರ್ವರಿಗೆ ಹೋಗಬೇಕು, ಉಳಿದದ್ದೆಲ್ಲ ಹೊರಗೆ. ಇದೇ ಕಂಡೀಷನಲ್ ಫಾರ್ವರ್ಡಿಂಗ್. ಡಿಎನ್‌ಎಸ್‌ಮಾಸ್ಕ್ ಅನ್ನುವ ಫಾರ್ವರ್ಡರ್ ಸಾಫ್ಟ್‌ವೇರಿನಲ್ಲಿ ಇದು ಒಂದೇ ಸಾಲಿನ ಕೆಲಸ: ‘ಸರ್ವರ್’ ಆಯ್ಕೆಯಲ್ಲಿ ಎರಡು ಸ್ಲ್ಯಾಶ್ ನಡುವೆ ಡೊಮೈನ್, ಅದರ ಮುಂದೆ ಒಳಗಿನ ಸರ್ವರಿನ ಐಪಿ. ರೀಬೈಂಡ್ ರಕ್ಷಣೆ (ಬೇರೆ ಸರ್ವರಿನಿಂದ ಬಂದ ಉತ್ತರದಲ್ಲಿ ಒಳಗಿನ ಐಪಿ ಇದ್ದರೆ ತಡೆಯುವ ಸೆಟ್ಟಿಂಗ್) ಆನ್ ಮಾಡಿದ್ದರೆ ಈ ಡೊಮೈನಿಗೆ ವಿನಾಯಿತಿ ಕೊಡಿ. ಇಲ್ಲದಿದ್ದರೆ 192.168 ಅಂತ ಶುರುವಾಗುವ ಉತ್ತರ ಬಂದರೂ ಫಾರ್ವರ್ಡರ್ ಅದನ್ನು ತಡೆದುಬಿಡುತ್ತದೆ. ಎಷ್ಟು ಹುಡುಕಿದರೂ ಸುಲಭಕ್ಕೆ ಕಣ್ಣಿಗೆ ಬೀಳದ ಜಾಗ ಇದು.

ಆ್ಯಕ್ಟಿವ್ ಡೈರೆಕ್ಟರಿ (ಆಫೀಸಿನ ಬಳಕೆದಾರರು, ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಮೈಕ್ರೋಸಾಫ್ಟ್ ವ್ಯವಸ್ಥೆ) ಇರುವ ಕಡೆ ಲೆಕ್ಕ ತಿರುಗುಮುರುಗು. ಅಲ್ಲಿ ಕಂಪ್ಯೂಟರ್‌ಗಳು ಅದರ ಮುಖ್ಯ ಸರ್ವರ್ ಆದ ಡೊಮೈನ್ ಕಂಟ್ರೋಲರನ್ನೇ ಕೇಳಲಿ, ಅದು ಹೊರಗಿನ ಹೆಸರುಗಳನ್ನು ಫಾರ್ವರ್ಡರಿಗೆ ದಾಟಿಸಲಿ.

ಫಾರ್ವರ್ಡರಿನಲ್ಲಿ ಡಿಎನ್‌ಎಸ್ ಬಳಸುವ ಪೋರ್ಟ್ 53, ಡೇಟಾ ಸಾಗಿಸುವ ಯುಡಿಪಿ, ಟಿಸಿಪಿ ಅನ್ನುವ ಎರಡೂ ವಿಧಾನಗಳಲ್ಲಿ ತೆರೆದಿರಬೇಕು. ಉತ್ತರ ದೊಡ್ಡದಾದರೆ ಟಿಸಿಪಿ ಬೇಕೇಬೇಕು. ಆದರೆ ತೆರೆದಿರುವುದು ಒಳಗಿನವರಿಗೆ ಮಾತ್ರ. ಇಂಟರ್ನೆಟ್ ಕಡೆಗೂ ತೆರೆದಿಟ್ಟರೆ ಬೇರೆಯವರ ಮೇಲೆ ದಾಳಿ ಮಾಡಲು ನಿಮ್ಮ ಫಾರ್ವರ್ಡರೇ ಆಯುಧವಾಗುತ್ತದೆ. ಇದರಲ್ಲಿ ದಯವಿಟ್ಟು ಅಸಡ್ಡೆ ಬೇಡ.

ಎಲ್ಲ ಆದ ಮೇಲೆ ಡಿಎಚ್‌ಸಿಪಿ ಲೀಸ್ (ಅದು ಕಂಪ್ಯೂಟರಿಗೆ ಕೊಟ್ಟಿರುವ ವಿವರ) ಹೊಸದು ಮಾಡಿಸಿ, ಕಂಪ್ಯೂಟರಿನ ಡಿಎನ್‌ಎಸ್ ಕ್ಯಾಶ್ ಖಾಲಿ ಮಾಡಿ. ಎನ್‌ಎಸ್‌ಲುಕಪ್ ಅನ್ನುವ ಕಮಾಂಡಿನಲ್ಲಿ ಫೈಲ್ ಸರ್ವರಿನ ಹೆಸರಿನ ಮುಂದೆ ಫಾರ್ವರ್ಡರಿನ ಐಪಿಯನ್ನೂ ಹಾಕಿ, ಎರಡೂ ಫಾರ್ವರ್ಡರ್‌ಗಳನ್ನು ಬೇರೆಬೇರೆಯಾಗಿ ಕೇಳಿ ನೋಡಿ. ಎರಡೂ ಕಡೆ ಒಂದೇ ಐಪಿ ಬಂತಾ? ಹಾಗಾದರೆ ಒಂದು ಫಾರ್ವರ್ಡರನ್ನು ನಿಲ್ಲಿಸಿ, ಫೈಲ್ ಸರ್ವರ್ ತೆರೆಯುತ್ತದಾ ನೋಡಿ.