ಆಫ್‌ಸೆಟ್: ಪ್ಲಸ್ ಎಂದರೆ ಒಳಗೆ

ಕಾರವಾರದಲ್ಲಿ ಹೆದ್ದಾರಿ ಬದಿಯ ಟೈರ್ ಅಂಗಡಿಯೊಂದರ ಮುಂದೆ ಹೊಸ ಫ್ಲೆಕ್ಸ್ ಕಟ್ಟಿದ್ದಾರೆ: ‘ಪ್ಲಸ್ ಆಫ್‌ಸೆಟ್ ಅಲಾಯ್, ಚಕ್ರ ಹೊರಗೆ ಕಾಣುತ್ತದೆ’. ಓದಿ ಹಲ್ಲು ಕಚ್ಚಿಕೊಂಡು ಮುಂದೆ ಹೋದೆ. ಅದೇ ವಾರ ಶಿರಸಿಯಿಂದ ಅಕ್ಕನ ಮಗ ಫೋನ್ ಮಾಡಿ, “ಮಾವ, ಕಾರನ್ನು ಎರಡು ಇಂಚು ಆಫ್‌ಸೆಟ್ ಮಾಡಿಸಿದೆ, ಈಗ ತಿರುವಿನಲ್ಲಿ ಟೈರ್ ಉಜ್ಜುತ್ತಿದೆ” ಎಂದ. ಒಂದು ಪದಕ್ಕೆ ಒಂದೇ ವಾರದಲ್ಲಿ ಎರಡು ಅಪಚಾರ. ಇನ್ನು ಸುಮ್ಮನಿರುವುದು ನನ್ನಿಂದಾಗದು.

ಅವನು ಮಾಡಿಸಿದ್ದಕ್ಕೆ ‘ಇಳಿಸುವುದು’ ಎಂಬ ಚೆಂದದ ಕನ್ನಡ ಪದವಿದೆ. ಇಂಗ್ಲಿಷೇ ಬೇಕೆಂದರೆ ‘ಲೋವರಿಂಗ್’ ಇದೆ. ಆಫ್‌ಸೆಟ್‌ಗೂ ಕಾರಿನ ಎತ್ತರಕ್ಕೂ ಸಂಬಂಧವೇ ಇಲ್ಲ. ಅದು ಚಕ್ರ ಎಷ್ಟು ಒಳಗೆ, ಎಷ್ಟು ಹೊರಗೆ ಕೂರುತ್ತದೆ ಎಂಬ ಲೆಕ್ಕ. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ರಿಮ್ ಹಬ್ಬಿಗೆ, ಅಂದರೆ ಚಕ್ರವನ್ನು ಬಿಗಿಯುವ ಕಾರಿನ ಗುಂಭಕ್ಕೆ, ತಾಗಿ ಕೂರುವ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ಸರಿದಿದೆಯೋ ಅದೇ ಆಫ್‌ಸೆಟ್.

ನಮ್ಮ ಕಡೆ ಈ ಪದ ಮೊದಲು ಬಂದದ್ದು ಮದುವೆ ಕಾಗದದ ಜೊತೆಗೆ. ಶಿರಸಿಯಲ್ಲೋ ಕುಮಟಾದಲ್ಲೋ ‘ಆಫ್‌ಸೆಟ್ ಪ್ರಿಂಟರ್ಸ್’ ಎಂಬ ಬೋರ್ಡು ನೋಡದೆ ಬೆಳೆದವರು ಯಾರು? ಅಲ್ಲಿ ಅಚ್ಚಿನ ತಗಡು ಕಾಗದವನ್ನು ಮುಟ್ಟುವುದಿಲ್ಲ. ಶಾಯಿ ಮೊದಲು ರಬ್ಬರಿನ ಹಾಸಿನ ಮೇಲೆ ಬೀಳುತ್ತದೆ, ಅಲ್ಲಿಂದ ಕಾಗದಕ್ಕೆ ದಾಟುತ್ತದೆ. ಚಕ್ರದ ವಿಷಯಕ್ಕೆ ಈ ಅರ್ಥ ಹೆಚ್ಚು ನೆರವಾಗದು. ನಿಜವಾದ ಸೋದರ ಇರುವುದು ಸರ್ವೆಯವರ ಬಳಿ. ಹಿಂದೆ ಸೊಪ್ಪಿನ ಬೆಟ್ಟ ಅಳೆಯಲು ಬಂದವರು ಸರಪಳಿಯನ್ನು ನೇರ ಎಳೆದು, ಆ ರೇಖೆಯಿಂದ ಬದಿಯ ಮರಕ್ಕೋ ಬೇಲಿಯ ಮೂಲೆಗೋ ಲಂಬವಾಗಿ ಅಳೆಯುತ್ತಿದ್ದರು. ಆ ಅಡ್ಡ ಅಳತೆಯ ಹೆಸರೂ ಆಫ್‌ಸೆಟ್. ಮೂಲ ರೇಖೆ ಒಂದು, ಅದರಿಂದ ಬದಿಗೆ ಸರಿದ ದೂರ ಇನ್ನೊಂದು. ಸರಪಳಿಯ ಜಾಗದಲ್ಲಿ ರಿಮ್ಮಿನ ನಡುಗೆರೆ, ಮರದ ಜಾಗದಲ್ಲಿ ಹಬ್ಬಿನ ಮುಖ. ಅಷ್ಟೇ. ‘ಸರಿದೂಗಿಸುವಿಕೆ’ ಎಂದು ಅನುವಾದಿಸುವವರು ನಿಘಂಟಿನ ಬೇರೆ ಸಾಲಿಗೆ ಕಣ್ಣು ಹಾಕಿದ್ದಾರೆ. ಅದು ಸಾಲಕ್ಕೆ ಜಮೆ ಹೊಂದಿಸುವವರ ಆಫ್‌ಸೆಟ್.

ರಿಮ್ಮಿನ ಮೇಲೆ ‘ಇಟಿ 45’ ಎಂಬಂತೆ ಅಚ್ಚಾಗಿರುತ್ತದೆಯಲ್ಲ, ಆ ‘ಇಟಿ’ ಇಂಗ್ಲಿಷಿನದಲ್ಲ. ಜರ್ಮನ್ನಿನ ‘ಐನ್‌ಪ್ರೆಸ್‌ಟೀಫೆ’ ಎಂಬ ಪದದ ಮೊಟಕು ರೂಪ. ಐನ್ ಎಂದರೆ ಒಳಕ್ಕೆ, ಪ್ರೆಸ್ ಎಂದರೆ ಒತ್ತು, ಟೀಫೆ ಎಂದರೆ ಆಳ: ಒಳಕ್ಕೆ ಒತ್ತಿದ ಆಳ. ಫ್ಲೆಕ್ಸ್ ಬರೆದವರಿಗೆ ಈ ಒಂದು ಪದ ಗೊತ್ತಿದ್ದರೆ ಸಾಕಿತ್ತು. ಸಂಖ್ಯೆ ಹೆಚ್ಚಿದಷ್ಟೂ ಚಕ್ರ ಕಾರಿನ ಹೊಟ್ಟೆಯ ಕಡೆಗೆ ಸರಿಯುತ್ತದೆ.

ಗೊಂದಲಕ್ಕೆ ಕಾರಣವಿಲ್ಲದಿಲ್ಲ. ಪ್ಲಸ್ ಎಂದರೆ ಹೆಚ್ಚು, ಹೆಚ್ಚು ಎಂದರೆ ಹೊರಚಾಚಿದ್ದು ಎಂದು ಬುದ್ಧಿ ತಾನೇ ಓಡುತ್ತದೆ. ಆದರೆ ಇಲ್ಲಿ ಅಳೆಯುವುದು ಹಬ್ಬಿಗೆ ಕೂರುವ ಮುಖವನ್ನು. ಆ ಮುಖ ನಡುಗೆರೆಯಿಂದ ಕಾರಿನ ಹೊರಬದಿಗೆ ಸರಿದಿದ್ದರೆ ಪ್ಲಸ್. ಮುಖ ಹೊರಗೆ ಸರಿದರೆ, ಕಾರಿನ ಹಬ್ಬು ಇದ್ದಲ್ಲೇ ಇರುವುದರಿಂದ, ಉಳಿದ ಚಕ್ರವೆಲ್ಲ ಒಳಗೆ ಹೋಗಲೇಬೇಕು. ಗೋಡೆಯ ಮೊಳೆಗೆ ಅಂಗಿ ನೇತುಹಾಕುವಾಗ ಅಂಗಿಯ ಕೊಕ್ಕೆ ನಡುವಿಗಿಂತ ಬಲಕ್ಕಿದ್ದರೆ ಅಂಗಿ ಎಡಕ್ಕೆ ಬರುವ ಹಾಗೆ. ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಇದು +35ರಿಂದ +50ರ ಆಸುಪಾಸು. ಸೊನ್ನೆ ಎಂದರೆ ಮುಖ ಸರಿಯಾಗಿ ನಡುಗೆರೆಯ ಮೇಲೆ. ‘ಆಫ್‌ಸೆಟ್ ಇಲ್ಲದ ರಿಮ್’ ಎಂದು ಕೇಳುವವರು ಏನು ಕೇಳುತ್ತಿದ್ದೇವೆಂದು ಒಮ್ಮೆ ಯೋಚಿಸಲಿ.

ಈಗ ಅಳಿಯನ ಕಾರಿಗೆ ಬರೋಣ. ಇಳಿಸಿದ್ದರಿಂದಲೇ ಉಜ್ಜುತ್ತಿದೆ ಎಂದು ಅವನ ವಾದ. ಜೊತೆಗೆ ರಿಮ್ ಬದಲಿಸಿದ್ದನ್ನು ಮೂರನೆಯ ಫೋನಿನಲ್ಲಿ ಹೇಳಿದ. ಮೂಲದ್ದು 5.5 ಇಂಚು ಅಗಲ, +45. ಹೊಸದು 7 ಇಂಚು, +35. ಕಾಗದ ತೆಗೆದುಕೊಳ್ಳಿ. ಅಗಲ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್ ಹೆಚ್ಚಿತು. ಅರ್ಧ ಒಳಗೆ, ಅರ್ಧ ಹೊರಗೆ, 19ರಂತೆ. ಆಫ್‌ಸೆಟ್ 10 ಇಳಿದಿದ್ದರಿಂದ ಇಡೀ ಚಕ್ರ ಹೊರಕ್ಕೆ 10 ಸರಿಯಿತು. ಒಟ್ಟು ರಿಮ್ಮಿನ ಹೊರ ಅಂಚು 29 ಮಿಲಿಮೀಟರ್ ಮಡ್‌ಗಾರ್ಡಿನ ಕಡೆಗೆ, ಒಳ ಅಂಚು 9 ಮಿಲಿಮೀಟರ್ ಸ್ಟ್ರಟ್ಟಿನ, ಅಂದರೆ ಚಕ್ರದ ಒಳಬದಿಯಲ್ಲಿ ಸ್ಪ್ರಿಂಗ್ ಹೊತ್ತ ಕಂಬದ ಕಡೆಗೆ. ಹೆಚ್ಚುಕಡಿಮೆ ಹೆಬ್ಬೆರಳಿನ ಅಗಲದಷ್ಟು ಹೊರಗೆ ತಳ್ಳಿ, ಮೇಲಿನಿಂದ ಎರಡು ಇಂಚು ಒತ್ತಿದರೆ ಉಜ್ಜದೆ ಇನ್ನೇನು ಮಾಡುತ್ತದೆ? ಅದೇ 7 ಇಂಚಿನ ಬದಲು 6 ಇಂಚಿನ +45 ರಿಮ್ ಕೊಂಡಿದ್ದರೆ ಎರಡೂ ಬದಿಗೆ ಆರು ಚಿಲ್ಲರೆ ಮಿಲಿಮೀಟರ್ ಮಾತ್ರ.

ಹೀಗಾಗಿ ಕಡಿಮೆ ಖರ್ಚಿನಲ್ಲಿ ಇಳಿಸಬೇಕೆನ್ನುವವರಿಗೆ ನನ್ನ ಮಾತು ಚಿಕ್ಕದು: ಮೂಲ ರಿಮ್ಮನ್ನೇ ಇಟ್ಟುಕೊಳ್ಳಿ. ಇಳಿಸಲೆಂದೇ ತಯಾರಾದ ಸ್ಪ್ರಿಂಗ್ ಹಾಕಿಸಿ, ಇಂಚು, ಹೆಚ್ಚೆಂದರೆ ಒಂದೂಕಾಲು ಇಂಚಿಗೆ ನಿಲ್ಲಿಸಿ, ಕೂಡಲೇ ಅಲೈನ್‌ಮೆಂಟ್ ಮಾಡಿಸಿ. ಎತ್ತರ ಬದಲಾದರೆ ಚಕ್ರದ ಮೊಗವೂ ಬದಲಾಗಿ ಟೈರು ಒಂದೇ ಕಡೆ ಸವೆಯುತ್ತದೆ. ಸ್ಪ್ರಿಂಗ್ ಕತ್ತರಿಸುವುದು ಅಗ್ಗ, ಹೌದು. ಆದರೆ ಸುರುಳಿ ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡಸಾಗುತ್ತದೆ: ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದನ್ನು ತೆಗೆದರೆ ಶೇಕಡ 20ರಷ್ಟು. ಗಾಡಿ ಜ್ಯಾಕಿನ ಮೇಲೆ ಏರಿದಾಗ ಮೋಟು ಸ್ಪ್ರಿಂಗ್ ತನ್ನ ಬಟ್ಟಲಿನಿಂದ ಜಾರುವ ಅಪಾಯವೂ ಇದೆ. ಗ್ಯಾಸ್ ಕಟರ್ ಹಿಡಿದು ಬರುವವನನ್ನಂತೂ ಗೇಟಿನಾಚೆಯೇ ನಿಲ್ಲಿಸಿ. ಕಾದ ಕಡೆ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ.

ಹಬ್ಬಿಗೂ ರಿಮ್ಮಿಗೂ ನಡುವೆ ಹಾಕುವ ಸ್ಪೇಸರ್ ಎಂಬ ಬಿಲ್ಲೆಯ ಬಗ್ಗೆಯೂ ಒಂದು ಮಾತು. 15 ಮಿಲಿಮೀಟರ್ ಬಿಲ್ಲೆ ಹಾಕಿದರೆ +45 ಇದ್ದದ್ದು +30 ಆಯಿತು, ಅಷ್ಟೇ. ಚಕ್ರ ಸ್ಟ್ರಟ್ಟಿಗೆ ಉಜ್ಜುತ್ತಿದ್ದರೆ ಅದು ಮದ್ದು, ಮಡ್‌ಗಾರ್ಡಿಗೆ ಉಜ್ಜುತ್ತಿದ್ದರೆ ವಿಷ. ಮೂಲದ ಬೋಲ್ಟಿಗೇ ಹಾಕಿದರೆ ನಟ್ಟಿಗೆ ಸಿಗುವ ಬೋಲ್ಟಿನ ತಿರುಪು ಅಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ.

ಎಲ್ಲಿ ಉಜ್ಜುತ್ತಿದೆ ಎಂದು ಊಹಿಸುತ್ತ ಕೂರಬೇಡಿ. ಅಳಿಯನಿಗೆ ಒಂದು ಡಬ್ಬಿ ಸೀಮೆಸುಣ್ಣ ಕೊಳ್ಳಲು ಹೇಳಿದೆ. ಟೈರಿನ ಎರಡೂ ಭುಜಕ್ಕೆ, ಮಡ್‌ಗಾರ್ಡಿನ ಒಳ ಮಡಿಕೆಗೆ ದಪ್ಪಗೆ ಬಳಿದು, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಡಿಕ್ಕಿಯಲ್ಲಿ ಒಂದು ಚೀಲ ಅಡಿಕೆ ಇಟ್ಟು, ದೇವಿಮನೆ ಘಟ್ಟ ಇಳಿದು ಹತ್ತಿ ಬಂದ. ಖಾಲಿ ಗಾಡಿಯಲ್ಲಿ ಪೇಟೆಯಲ್ಲಿ ಸುತ್ತಿದರೆ ಏನೂ ತಿಳಿಯದು; ಚೌತಿಗೆ ಮನೆಮಂದಿಯೆಲ್ಲ ಹತ್ತಿದಾಗಲೇ ಬಣ್ಣ ಬಯಲಾಗುವುದು. ಅವನದು ಹಿಂದಿನ ಎಡ ಮಡ್‌ಗಾರ್ಡಿನ ಮಡಿಕೆಯಲ್ಲಿ ಗೇಣುದ್ದ ಸುಣ್ಣ ಹೋಗಿ ತಗಡು ಹೊಳೆಯುತ್ತಿತ್ತು. ಮುಂದೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಪ್ಲಾಸ್ಟಿಕ್ ಹಾಳೆಗೆ ಮಾತ್ರ ತಾಗಿತ್ತು. ಒಳಗಿನ ಸ್ಟ್ರಟ್ಟಿನ ಬಳಿ ಸುಣ್ಣ ಮಿಸುಕಿರಲಿಲ್ಲ. ಅಂದರೆ ತೊಂದರೆಯೆಲ್ಲ ಹೊರಗಿನದು. ಅಂಗಡಿಯ ಭಾಷೆಯಲ್ಲಿ ಅವನಿಗೆ ಬೇಕಾದದ್ದು ‘ಹೆಚ್ಚು ಪ್ಲಸ್’. ಅದನ್ನೇ ಕೇಳಿಕೊಂಡು ಆ ಫ್ಲೆಕ್ಸಿನ ಅಂಗಡಿಗೆ ಹೋದರೆ ಇನ್ನೂ ಹೊರಚಾಚುವ ರಿಮ್ ಕೊಟ್ಟು ಕಳಿಸುತ್ತಾರೆ ಎಂಬುದೇ ನನ್ನ ಸಿಟ್ಟಿಗೆ ಕಾರಣ.

ತಯಾರಕರು ಕೊಟ್ಟ ರೂಪಕ್ಕೆ ಹೊಂದದ ಮಾರ್ಪಾಟನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ ಎಂಬುದೂ ನೆನಪಿರಲಿ. ಊರೂರಿನ ಹಂಪುಗಳಂತೂ ಕಾಯ್ದೆ ಓದಿಲ್ಲ, ನಿಮ್ಮ ಕಾರಿನ ಹೊಟ್ಟೆಯನ್ನೇ ಓದುತ್ತವೆ.

ಇಟಿ ಸಂಖ್ಯೆ ಸಾಮಾನ್ಯವಾಗಿ ರಿಮ್ಮಿನ ಹಿಂಬದಿಯಲ್ಲೋ ಹಬ್ಬಿಗೆ ಕೂರುವ ಮುಖದ ಸುತ್ತವೋ ಅಚ್ಚಾಗಿರುತ್ತದೆ. ಇಲ್ಲದಿದ್ದರೆ ಟೈರಿಲ್ಲದ ರಿಮ್ಮನ್ನು ಮಕಾಡೆ ಮಲಗಿಸಿ, ಮೇಲಿನ ಅಂಚುಗಳ ಮೇಲೆ ನೆಟ್ಟಗಿನ ಅಡಿಕೆ ದಬ್ಬೆಯೊಂದನ್ನು ಅಡ್ಡ ಇಟ್ಟು, ದಬ್ಬೆಯಿಂದ ಹಬ್ಬಿನ ಮುಖದವರೆಗೆ ಅಳೆಯಿರಿ. ಅಂಚುಗಳೂ ಸೇರಿದ ಒಟ್ಟು ಅಗಲದ ಅರ್ಧವನ್ನು ಅದರಿಂದ ಕಳೆಯಿರಿ. ಅಳತೆ 134, ಒಟ್ಟು ಅಗಲ 178 ಬಂದರೆ 134ರಲ್ಲಿ 89 ಹೋಗಿ +45. ಅಳಿಯ ನಿನ್ನೆ ತನ್ನ ಹಳೆಯ ರಿಮ್ಮಿನ ಫೋಟೊ ಕಳಿಸಿ ಸಂಖ್ಯೆಯೇ ಇಲ್ಲ ಎಂದ. ಇದೆ, ಕೆಮ್ಮಣ್ಣಿನ ಅಡಿಯಲ್ಲಿದೆ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.