ಪೆಡಲ್ ಗಟ್ಟಿ ಇದೆ ಅಂದ್ರೆ ಬ್ರೇಕ್ ಇದೆ ಅಂತಲ್ಲ

ಗ್ಯಾರೇಜಿಗೆ ಬರುವ ಬಸ್ಸು, ಲಾರಿ ಡ್ರೈವರುಗಳನ್ನು "ಬ್ರೇಕ್ ನೋಡಿದ್ರಾ?" ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ. "ನೋಡ್ದೆ ಮೇಸ್ತ್ರಿ, ಸೂಪರ್ ಆಗಿ ಹಿಡೀತಿದೆ." ಹೇಗೆ ನೋಡಿದ್ದು ಎಂದು ವಿಚಾರಿಸಿದರೆ, ಸ್ಟ್ಯಾಂಡಿನಿಂದ ಗಾಡಿ ಹೊರಗೆ ತೆಗೆಯುವಾಗ ಒಂದು ಸಲ ಪೆಡಲ್ ಒತ್ತಿರುತ್ತಾರೆ. ಗಾಡಿ ಗಕ್ಕನೆ ನಿಂತಿರುತ್ತದೆ. ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು 8 ಬಾರ್ ಹತ್ತಿರ ಇರುತ್ತದೆ. ಅಷ್ಟಕ್ಕೆ ನೆಮ್ಮದಿ.

ಏರ್ ಬ್ರೇಕ್ ಇರುವ ಗಾಡಿಯಲ್ಲಿ ಇಷ್ಟನ್ನೇ ಬ್ರೇಕ್ ಪರೀಕ್ಷೆ ಎನ್ನಲು ಆಗುವುದಿಲ್ಲ. ಈ ಒಂದು ಮಾತನ್ನು ಡ್ರೈವರುಗಳಿಗೆ, ಮಾಲೀಕರಿಗೆ, ಕೆಲವೊಮ್ಮೆ ನಮ್ಮ ಮೆಕ್ಯಾನಿಕ್ ಹುಡುಗರಿಗೂ ಹೇಳಿ ಹೇಳಿ ಸಾಕಾಗಿದೆ. ಟೈರು, ಲೈಟು, ವೈಪರ್, ಆಯಿಲ್, ವೀಲ್ ನಟ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದೆಲ್ಲ ನಿಮಗೆ ಗೊತ್ತು, ಬೆಳಿಗ್ಗೆ ಎದ್ದು ನೋಡಿಯೂ ನೋಡುತ್ತೀರಿ. ನೋಡದೆ ಬಿಡುವುದು ಗಾಡಿಯ ಅಡಿಗೆ ಇರುವ ಒಂದು ಕಬ್ಬಿಣದ ಕಡ್ಡಿಯನ್ನು. ಅದರ ಹೆಸರು ಪುಶ್ ರಾಡ್.

ಕಾರು, ಸಣ್ಣ ಪಿಕಪ್ ಗಾಡಿಗಳಲ್ಲಿ ಬ್ರೇಕ್ ಆಯಿಲ್‌ನಿಂದ ಕೆಲಸ ಮಾಡುತ್ತದೆ. ನಿಮ್ಮ ಕಾಲು ಒತ್ತಿದಾಗ ಆ ಆಯಿಲ್ಲೇ ಹೋಗಿ ಚಕ್ರದಲ್ಲಿ ಒತ್ತುತ್ತದೆ. ಡ್ರಮ್ಮಿನ ಶೂ ಸವೆದು ಅಂತರ ಜಾಸ್ತಿಯಾದರೆ ಪೆಡಲ್ ಕೆಳಗೆ ಹೋಗುತ್ತದೆ. ಏನೋ ಸರಿಯಿಲ್ಲ ಅಂತ ಕಾಲಿಗೇ ಗೊತ್ತಾಗುತ್ತದೆ. ಮೊದಲು ಸಣ್ಣ ಗಾಡಿ ಓಡಿಸಿ, ಆಮೇಲೆ ಬಸ್ಸು ಹತ್ತಿದವರು ಇದೇ ಅಭ್ಯಾಸವನ್ನು ಜೊತೆಗೆ ತರುತ್ತಾರೆ. ಕಾಲನ್ನು ನಂಬುತ್ತಾರೆ.

ದೊಡ್ಡ ಗಾಡಿಯಲ್ಲಿ ನಿಮ್ಮ ಕಾಲು ಮಾಡುವ ಕೆಲಸ ಒಂದೇ, ವಾಲ್ವ್ ತೆರೆಯುವುದು. ಟ್ಯಾಂಕಿನ ಗಾಳಿ ಪೈಪಿನಲ್ಲಿ ಹೋಗಿ ಚಕ್ರದ ಹತ್ತಿರ ಇರುವ ಬ್ರೇಕ್ ಚೇಂಬರಿಗೆ ನುಗ್ಗುತ್ತದೆ. ಚೇಂಬರಿನ ಒಳಗಿನ ರಬ್ಬರ್ ಡಯಾಫ್ರಾಮ್ ಉಬ್ಬಿ ಪುಶ್ ರಾಡನ್ನು ಹೊರಗೆ ತಳ್ಳುತ್ತದೆ. ರಾಡು ಸ್ಲ್ಯಾಕ್ ಅಡ್ಜಸ್ಟರನ್ನು (ಶೂ ಸವೆದಾಗ ಅಂತರ ಸರಿಮಾಡುವ ತೋಳು) ತಿರುಗಿಸುತ್ತದೆ, ಅಡ್ಜಸ್ಟರ್ ಕ್ಯಾಮ್ ತಿರುಗಿಸುತ್ತದೆ, ಕ್ಯಾಮ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಇಷ್ಟು ಉದ್ದದ ಸಾಲಿನಲ್ಲಿ ಯಾವ ಜಾಗ ಸಡಿಲ ಆಗಿದ್ದರೂ ನಿಮ್ಮ ಪಾದಕ್ಕೆ ಸುದ್ದಿ ಬರುವುದಿಲ್ಲ. ಪೆಡಲ್ ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇರುತ್ತದೆ. ಮೀಟರ್ ತೋರಿಸುವುದು ಟ್ಯಾಂಕಿನಲ್ಲಿ ಗಾಳಿ ಎಷ್ಟಿದೆ ಅಂತ. ಆ ಗಾಳಿ ಚಕ್ರದಲ್ಲಿ ಏನು ಕೆಲಸ ಮಾಡುತ್ತಿದೆ ಅನ್ನುವುದು ಅದಕ್ಕೂ ಗೊತ್ತಿಲ್ಲ.

ಇಲ್ಲಿ ಅಳತೆ ಮುಖ್ಯ. ಶೂ ಸವೆದಷ್ಟೂ ಪುಶ್ ರಾಡ್ ಜಾಸ್ತಿ ಹೊರಗೆ ಬರಬೇಕು, ಆದರೆ ಅದು ಎಷ್ಟು ದೂರ ಬೇಕಾದರೂ ಬರಲು ಆಗುವುದಿಲ್ಲ. 30 ಅಂತ ಕರೆಯುವ ಸೈಜಿನ ಮಾಮೂಲಿ ಚೇಂಬರಿನಲ್ಲಿ ಅದರ ಪೂರ್ತಿ ಓಟ ಎರಡೂವರೆ ಇಂಚು. ಎರಡು ಇಂಚು ತಲುಪಿತು ಅಂದರೆ ಅಡ್ಜಸ್ಟ್ ಮಾಡಲೇಬೇಕು. ಬೇರೆ ಸೈಜಿನ ಚೇಂಬರಿಗೆ, ಉದ್ದ ಓಟದ ಚೇಂಬರಿಗೆ ಲೆಕ್ಕ ಬೇರೆ. ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಳತೆಯೇ ಕೊನೆಯ ಮಾತು. ಆದರೆ ಎಲ್ಲದರಲ್ಲೂ ವಿಷಯ ಒಂದೇ. ಕೊನೆ ಮುಟ್ಟಿದ ರಾಡು ಮುಂದೆ ತಳ್ಳುವುದಿಲ್ಲ. ನೀವು ಸೀಟಿನಿಂದ ಎದ್ದು ನಿಂತು ಒತ್ತಿದರೂ ಇಲ್ಲ.

"ಹಾಗಾದ್ರೆ ಸ್ಟ್ಯಾಂಡಲ್ಲಿ ಹೇಗೆ ಹಿಡೀತು?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದು ಲೆಕ್ಕ ಹಾಕಿ. ಲೋಡು ಸೇರಿ 16 ಟನ್ ತೂಗುವ ಗಾಡಿ 20 ಕಿಲೋಮೀಟರ್ ವೇಗದಲ್ಲಿದೆ. ಅದನ್ನು ಒಮ್ಮೆ ನಿಲ್ಲಿಸಲು ಬ್ರೇಕ್ ಸ್ವಲ್ಪ ಶಕ್ತಿಯನ್ನು ಶಾಖವಾಗಿ ತಿನ್ನಬೇಕು. ಅದೇ ಗಾಡಿ ಘಾಟಿಯಲ್ಲಿ 600 ಮೀಟರ್ ಎತ್ತರದಿಂದ ಕೆಳಗಿಳಿದರೆ ತಡೆಯಬೇಕಾದ ಶಕ್ತಿ ಅದರ 350 ಪಟ್ಟಿಗೂ ಜಾಸ್ತಿ. ಇಂಜಿನ್ ಅದರಲ್ಲಿ ಪಾಲು ತೆಗೆದುಕೊಂಡರೆ ಉಳಿದದ್ದು ಬ್ರೇಕಿಗೆ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿಗೆ. ಸ್ಟ್ಯಾಂಡಿನಲ್ಲಿ ನಾಲ್ಕರಲ್ಲಿ ಎರಡು ಚಕ್ರ ಕೆಲಸ ಮಾಡದಿದ್ದರೂ ಉಳಿದೆರಡು ಗಾಡಿ ನಿಲ್ಲಿಸಿಬಿಡುತ್ತವೆ. ಹಾಗಾಗಿ ಆ ಪರೀಕ್ಷೆಯಲ್ಲಿ ಎಂಥಾ ಗಾಡಿಯೂ ಪಾಸ್.

ಇನ್ನು ಬಿಸಿಯ ವಿಷಯ. ಡ್ರಮ್ ಕಬ್ಬಿಣ. ಕಾದರೆ ಹಿಗ್ಗುತ್ತದೆ, ಅಂದರೆ ಶೂಗಳಿಂದ ದೂರ ಹೋಗುತ್ತದೆ. ಹಿಗ್ಗುವುದು ಕೂದಲೆಳೆಯಷ್ಟೇ ಇರಬಹುದು, ಆದರೆ ಅದನ್ನು ತುಂಬಲು ಪುಶ್ ರಾಡ್ ಸುಮಾರು ಅರ್ಧ ಇಂಚಿನವರೆಗೂ ಜಾಸ್ತಿ ಓಡಬೇಕಾಗಬಹುದು. ಬೆಳಿಗ್ಗೆ ತಣ್ಣಗಿರುವಾಗ ಎರಡು ಇಂಚು ಓಡುತ್ತಿದ್ದ ರಾಡು ಘಾಟಿಯ ಮಧ್ಯದಲ್ಲಿ ಎರಡೂವರೆ ಕೇಳುತ್ತದೆ. ಅಲ್ಲಿಗೆ ಓಟ ಮುಗಿಯಿತು. ಇದರ ಮೇಲೆ ಶೂಗೆ ಅಂಟಿಸಿರುವ ಲೈನರ್ ಬೇರೆ ಕಾದು ಹಿಡಿತ ಕಳೆದುಕೊಂಡಿರುತ್ತದೆ.

ರಿಪ್ಪನ್‌ಪೇಟೆ ಕಡೆಯ ಲಾರಿ ಡ್ರೈವರ್ ಒಬ್ಬರು ಒಮ್ಮೆ ತುಂಬಾ ಗಾಬರಿಯಿಂದ ಬಂದರು. ಹುಲಿಕಲ್ ಘಾಟಿ ಇಳಿಯುವಾಗ ಕೊನೆಯ ತಿರುವುಗಳಲ್ಲಿ ಬ್ರೇಕ್ ಹಿಡಿಯಲೇ ಇಲ್ಲವಂತೆ. ಹೇಗೋ ಗೇರ್ ಎಳೆದು, ಮಣ್ಣಿನ ಬದಿಗೆ ಉಜ್ಜಿಸಿ ನಿಲ್ಲಿಸಿದ್ದರು. ಸ್ವಲ್ಪ ಹೊತ್ತು ಕೂತು, ಹೊಸಂಗಡಿಯಲ್ಲಿ ಚಾ ಕುಡಿದು ನೋಡಿದರೆ ಬ್ರೇಕ್ ಮೊದಲಿನ ಹಾಗೇ ಇದೆ! "ಮೇಸ್ತ್ರಿ, ನಂಗೇ ಏನೋ ಭ್ರಮೆ ಆಯ್ತಾ ಅಂತ" ಎಂದರು. ಭ್ರಮೆ ಅಲ್ಲ ಮಾರಾಯ. ಡ್ರಮ್ ತಣ್ಣಗಾಯಿತು, ಕುಗ್ಗಿತು, ರಾಡಿನ ಓಟ ಮತ್ತೆ ಸಾಕಾಯಿತು. ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಿ ನೋಡಿದಾಗ ಹಿಂದಿನ ಎರಡೂ ಬದಿಯ ರಾಡು ಹೆಚ್ಚುಕಡಿಮೆ ಕೊನೆಗೇ ಬಂದಿದ್ದವು. ಒಂದು ಭಾಗವೂ ಮುರಿದಿರಲಿಲ್ಲ. ಅವರ ಮನೆಯವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಅವರಿಗೆ ನಾನೇ ಮಾತಾಡಿ, ಏನೂ ಆಗಿಲ್ಲ ಅಂತ ಹೇಳಬೇಕಾಯಿತು.

ಅಪಘಾತವಾದಾಗ "ಬ್ರೇಕ್ ಫೇಲ್" ಎಂಬ ಮಾತು ಸುಲಭವಾಗಿ ಬರುತ್ತದೆ. ಎಲ್ಲಾ ಅಪಘಾತಕ್ಕೂ ಇದೇ ಕಾರಣ ಅಂತ ನಾನು ಹೇಳುವುದಿಲ್ಲ. ಗಾಡಿ ಬಿಚ್ಚಿ ನೋಡದೆ ಯಾರೂ ಹೇಳಬಾರದು. ಆದರೆ ಘಾಟಿಯಲ್ಲಿ ಬ್ರೇಕ್ ಹೋಯಿತು ಎಂದು ನನ್ನ ಬಳಿ ಬಂದ ಗಾಡಿಗಳಲ್ಲಿ ಬಹಳಷ್ಟು ಕಡೆ ಕಂಡದ್ದು ಒಡೆದ ಪೈಪಲ್ಲ, ಅಡ್ಜಸ್ಟ್ ಆಗದ ಬ್ರೇಕು.

ನೋಡುವುದು ಹೇಗೆ ಎಂದರೆ, ಇಬ್ಬರಿದ್ದರೆ ಸುಲಭ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಕಲ್ಲು ಕೊಡದೆ ಯಾರೂ ಅಡಿಗೆ ಹೋಗಬೇಡಿ, ಇದರಲ್ಲಿ ಅವಸರ ಬೇಡವೇ ಬೇಡ. ಗಾಳಿ ಪೂರ್ತಿ ತುಂಬಿಸಿ ಇಂಜಿನ್ ಆಫ್ ಮಾಡಿ. ಆಮೇಲೆ ಹ್ಯಾಂಡ್ ಬ್ರೇಕ್ ಬಿಡಬೇಕು. ಹ್ಯಾಂಡ್ ಬ್ರೇಕ್ ಅಂದರೆ ಹಿಂದಿನ ಚಕ್ರದ ಸ್ಪ್ರಿಂಗ್ ಬ್ರೇಕ್. ಅದು ಹಾಕಿಯೇ ಇದ್ದರೆ ರಾಡು ಮೊದಲೇ ಹೊರಗೆ ಬಂದಿರುತ್ತದೆ, ಅಳತೆ ಸಿಗುವುದಿಲ್ಲ. ಚೇಂಬರಿನಿಂದ ರಾಡು ಹೊರಬರುವ ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಕ್ಲೀನರ್ ಅಥವಾ ಕಂಡಕ್ಟರ್ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿಯಲಿ. ಗುರುತು ಎಷ್ಟು ಮುಂದೆ ಬಂತು ಅಂತ ಟೇಪಿನಲ್ಲಿ ಅಳೆಯಿರಿ. ಎಡ ಬಲ ಎರಡನ್ನೂ ನೋಡಿ. ಎರಡೂ ಮಿತಿಯೊಳಗೇ ಇದ್ದು, ಒಂದು ಜಾಸ್ತಿ ಇನ್ನೊಂದು ಕಡಿಮೆ ಇದ್ದರೂ ಅದು ಸರಿಯಲ್ಲ. ಮಳೆಯ ರಸ್ತೆಯಲ್ಲಿ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಅದೇ ಹೊತ್ತಿಗೆ ಇನ್ನೊಂದು ಕೆಲಸ. ಪೆಡಲ್ ಒತ್ತಿ ಹಿಡಿದಿರುವಾಗಲೇ ಒಂದು ನಿಮಿಷ ಸುಮ್ನೆ ಇದ್ದು ಕಿವಿ ಕೊಡಿ. ಬುಸ್ ಅನ್ನುವ ಸದ್ದು ಬರಬಾರದು, ಮುಳ್ಳು ಇಳಿಯುತ್ತಾ ಹೋಗಬಾರದು.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ಅಡ್ಜಸ್ಟರ್ ತಿರುಗಿಸುವುದನ್ನು ಕಲಿಯದವರು ತಿರುಗಿಸಬೇಡಿ. ಜಾಸ್ತಿ ಬಿಗಿಯಾದರೆ ಶೂ ಉಜ್ಜುತ್ತಲೇ ಇದ್ದು ಡ್ರಮ್ ಕಾಯುತ್ತದೆ, ಅದೂ ಅಷ್ಟೇ ಅಪಾಯ. ಆಟೋಮ್ಯಾಟಿಕ್ ಅಡ್ಜಸ್ಟರ್ ಇರುವ ಗಾಡಿಯಲ್ಲಿ ಓಟ ಜಾಸ್ತಿ ಕಂಡರೆ ಸ್ಪ್ಯಾನರ್ ಹಾಕಿ ಸರಿಮಾಡಿ ಹೊರಡಬೇಡಿ. ತಾನಾಗಿ ಸರಿಯಾಗಬೇಕಾದದ್ದು ಯಾಕೆ ಆಗಲಿಲ್ಲ ಅಂತ ಮೆಕ್ಯಾನಿಕ್ ನೋಡಬೇಕು. ಎರಡನೆಯದು, ಹಿಂದಿನ ಸ್ಪ್ರಿಂಗ್ ಬ್ರೇಕ್ ಚೇಂಬರಿನ ಕ್ಲ್ಯಾಂಪ್ ಯಾವ ಕಾರಣಕ್ಕೂ ದಾರಿಯಲ್ಲಿ ಬಿಚ್ಚಬೇಡಿ. ಒಳಗೆ ಅದುಮಿಟ್ಟ ಸ್ಪ್ರಿಂಗ್ ಇದೆ. ಸಿಡಿದರೆ ಜೀವ ಹೋಗುತ್ತದೆ.

ನ್ಯೂಟ್ರಲ್ ವಿಷಯಕ್ಕೆ ಬರುತ್ತೇನೆ. ಡೀಸೆಲ್ ಉಳಿಯುತ್ತದೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರು ಇನ್ನೂ ಇದ್ದಾರೆ. ಕೆಲವು ಮಾಲೀಕರೇ ಹೇಳಿಕೊಡುತ್ತಾರೆ ಎನ್ನುವುದು ಬೇಸರದ ಮಾತು. ಈಗಿನ ಇಂಜಿನ್‌ಗಳಲ್ಲಿ ಗಾಡಿ ಗೇರಿನಲ್ಲಿದ್ದು, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಡೀಸೆಲ್ ಪೂರೈಕೆಯೇ ನಿಲ್ಲುತ್ತದೆ. ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಐಡಲ್‌ನಲ್ಲಿ ಇಂಜಿನ್ ಓಡಲು ಡೀಸೆಲ್ ಬೇಕೇ ಬೇಕು. ಉಳಿಯುವುದೆಲ್ಲಿ? ಅದಲ್ಲದೆ ಇಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕಿನ ಸಹಾಯ ಹೋಯಿತು. ಗಾಳಿ ತುಂಬುವ ಕಂಪ್ರೆಸರ್ ಓಡುವುದು ಇಂಜಿನ್ನಿನಿಂದ. ಐಡಲ್‌ನಲ್ಲಿ ಅದು ನಿಧಾನ ತುಂಬುತ್ತದೆ, ನೀವು ಮಾತ್ರ ಪೆಡಲ್ ಒತ್ತಿ ಒತ್ತಿ ಬೇಗ ಖಾಲಿ ಮಾಡುತ್ತೀರಿ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ವೇಗ ಏರಿದಾಗ ಒಮ್ಮೆ ಸರಿಯಾಗಿ ಒತ್ತಿ ಇಳಿಸಿ, ಪೂರ್ತಿ ಬಿಡಿ. ಬಿಟ್ಟಾಗ ಡ್ರಮ್ಮಿಗೆ ಗಾಳಿ ಸಿಗುತ್ತದೆ.

ನಮ್ಮ ಕಡೆ ಇದು ಯಾಕೆ ಇಷ್ಟು ಮುಖ್ಯ ಅಂದರೆ, ಶಿವಮೊಗ್ಗದಿಂದ ಕರಾವಳಿಗೆ ಹೋಗಲು ಘಾಟಿ ಇಳಿಯದೆ ದಾರಿಯಿಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ದೊಡ್ಡ ಗಾಡಿಗಳಿಗೆ ಅವಕಾಶವಿಲ್ಲ. ಹಾಗಾಗಿ ಲೋಡಿನ ಲಾರಿಗಳು ಹೊಸನಗರ, ನಗರ, ಮಾಸ್ತಿಕಟ್ಟೆ ದಾಟಿ ಹುಲಿಕಲ್ ಕಡೆಯಿಂದ ಇಳಿಯುತ್ತವೆ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಹುಲಿಕಲ್ ಒಂದು. ಮಳೆಗಾಲದ ತೇವದ ಗಾಳಿಯನ್ನು ಕಂಪ್ರೆಸರ್ ಹಿಂಡಿದಾಗ ಟ್ಯಾಂಕಿನಲ್ಲಿ ನೀರು ನಿಲ್ಲುತ್ತದೆ. ನೀರು ನಿಂತಷ್ಟು ಗಾಳಿಗೆ ಜಾಗ ಕಡಿಮೆ, ವಾಲ್ವ್‌ಗಳಿಗೆ ತುಕ್ಕು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಟ್ಯಾಂಕಿನ ಡ್ರೈನ್ ವಾಲ್ವ್ ಎಳೆದು ನೀರು ಬಿಡಿ. ಬರುವ ನೀರು ಹಾಲಿನಂತೆ ಬೆಳ್ಳಗೆ, ಜಿಡ್ಡಾಗಿ ಇದ್ದರೆ ಕಂಪ್ರೆಸರ್ ಆಯಿಲ್ ಬಿಡುತ್ತಿದೆ ಅಂತ ಅನುಮಾನಪಡಬೇಕು. ಅದನ್ನು ತೋರಿಸಿ.

ಬಾಳೆಬರೆ ಅಂತಲೂ ಕರೆಯುವ ಇದೇ ಹುಲಿಕಲ್ ಘಾಟಿಯ ಚಂಡಿಕಾಂಬಾ ದೇವಸ್ಥಾನದ ಹತ್ತಿರ ಬಹಳ ಡ್ರೈವರುಗಳು ಗಾಡಿ ನಿಲ್ಲಿಸಿ ಕೈಮುಗಿಯುತ್ತಾರೆ. ಒಳ್ಳೆಯ ಪದ್ಧತಿ, ನನಗೂ ನಂಬಿಕೆ ಇದೆ. ನಿಲ್ಲಿಸಿದ್ದೀರಲ್ವಾ, ಹಾಗೇ ಗಾಡಿಗೆ ಒಂದು ಸುತ್ತು ಬನ್ನಿ. ಪ್ರತಿ ಚಕ್ರದ ಹತ್ತಿರ ಕೈ ಒಡ್ಡಿ ನೋಡಿ, ಮುಟ್ಟಬೇಡಿ, ಸುಡುತ್ತದೆ. ಎಲ್ಲಾ ಚಕ್ರವೂ ಒಂದೇ ರೀತಿ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲ, ಅದರ ಭಾರವನ್ನು ಬೇರೆ ಚಕ್ರಗಳು ಹೊತ್ತಿವೆ. ಡ್ರೈವರುಗಳು ಬಿಸಿಯಾದ ಚಕ್ರಕ್ಕೆ ಹೆದರುತ್ತಾರೆ, ತಣ್ಣಗಿರುವುದನ್ನು ನೋಡಿ ಸಮಾಧಾನಪಡುತ್ತಾರೆ. ತಣ್ಣಗಿರುವುದಕ್ಕೂ ಅಷ್ಟೇ ಹೆದರಬೇಕು. ಹೊಗೆ ಬರುತ್ತಿದ್ದರೆ ಗಾಡಿ ನಿಲ್ಲಿಸಿ, ತಾನಾಗಿ ತಣಿಯಲು ಬಿಡಿ. ನೀರು ಎರಚಿದರೆ ಡ್ರಮ್ ಬಿರುಕು ಬಿಡಬಹುದು.

"ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮೊನ್ನೆ ತಾನೇ ಆಗಿದೆ" ಎನ್ನುವವರಿಗೆ ಒಂದು ಮಾತು. ಗಾಡಿಗೆ 8 ವರ್ಷ ಆಗುವವರೆಗೆ ಎಫ್‌ಸಿ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಲೈನರ್ ಸವೆಯುವುದು ದಿನಾ. ಆ ಕಾಗದ ಪರೀಕ್ಷೆಯ ದಿನದ ಸ್ಥಿತಿಯನ್ನು ಹೇಳುತ್ತದೆ, ಅಷ್ಟೇ.

ಕೊನೆಗೆ ಮಾಲೀಕರಿಗೆ. ಡ್ರೈವರಿಗೆ ಇದೆಲ್ಲ ಮಾಡಲು ಇಷ್ಟವಿಲ್ಲ ಅಂತಲ್ಲ. ಬೆಳಿಗ್ಗೆ ಐದೂವರೆಗೆ ಟ್ರಿಪ್, ರಾತ್ರಿ ಹನ್ನೊಂದಕ್ಕೆ ಗಾಡಿ ಬಂದಿರುತ್ತದೆ, ಕ್ಲೀನರನ್ನು ಖರ್ಚು ಉಳಿಸಲು ನೀವು ತೆಗೆದಿರುತ್ತೀರಿ. ಅವರು ಯಾರ ಕೈಯಲ್ಲಿ ಪೆಡಲ್ ಒತ್ತಿಸಬೇಕು? ವಾರಕ್ಕೊಮ್ಮೆ, ಘಾಟಿಗೆ ಹೋಗುವ ಗಾಡಿಯಾದರೆ ಹೊರಡುವ ಮುನ್ನ ಪ್ರತಿ ಸಲ, ಅರ್ಧ ಗಂಟೆ ಬಿಡುವು ಕೊಡಿ, ಜೊತೆಗೆ ಒಬ್ಬರನ್ನು ಕೊಡಿ. ಅಳೆದ ಇಂಚುಗಳನ್ನು ಟ್ರಿಪ್ ಶೀಟಿನ ಹಿಂದೆ ಬರೆದಿಡಲು ಹೇಳಿ. ಡ್ರೈವರ್ ಬಂದು "ಹಿಂದಿನ ಬಲಗಡೆ ಎರಡು ಇಂಚು ಓಡ್ತಿದೆ" ಎಂದರೆ, "ಇವತ್ತೊಂದು ಟ್ರಿಪ್ ಹೋಗಿ ಬಾ, ನಾಳೆ ಮಾಡ್ಸೋಣ" ಅನ್ನಬೇಡಿ. ಅಡ್ಜಸ್ಟ್ ಮಾಡುವುದಷ್ಟೇ ಇದ್ದರೆ ಅದು ಹೆಚ್ಚು ಹೊತ್ತಿನ ಕೆಲಸವಲ್ಲ, ಬೆಳಿಗ್ಗೆ ಬೇಗ ಬಂದರೂ ಮಾಡಿಕೊಡುತ್ತೇವೆ.