ಜಿಂಕ್ ಎಲ್ಲಿ ಕೂತಿದೆ ಅಂತ ಮೊದಲು ನೋಡಿ

ಜಿಂಕಿಗೆ, ಅಂದ್ರೆ ನಮ್ಮ ಸತುವಿಗೆ, ಸ್ವಂತ ಕಾಂತಗುಣ ಅಂತ ಏನೂ ಇಲ್ಲ. ಅದರ ಅಯಾನಿನಲ್ಲಿ ಎಲೆಕ್ಟ್ರಾನ್ ಎಲ್ಲಾ ಜೋಡಿ ಜೋಡಿಯಾಗಿ ಕೂತಿರ್ತವೆ, ಮ್ಯಾಗ್ನೆಟ್ ಹತ್ರ ತಂದ್ರೂ ಕ್ಯಾರೇ ಅನ್ನೋದಿಲ್ಲ. ಇಂಥ ಜಿಂಕನ್ನು ನಿಕ್ಕಲ್ ಫೆರೈಟಿಗೆ, ಅಂದ್ರೆ ನಿಕ್ಕಲ್ ಸೇರಿದ ಕಬ್ಬಿಣದ ಆಕ್ಸೈಡ್ ಮ್ಯಾಗ್ನೆಟ್ಟಿಗೆ, ಒಂದು ಹದದಲ್ಲಿ ಸೇರಿಸಿದ್ರೆ ಆ ಫೆರೈಟಿನ ಮ್ಯಾಗ್ನೆಟೈಸೇಶನ್, ಅಂದ್ರೆ ಕಾಂತಬಲ, ಕಡಿಮೆ ಆಗೋ ಬದಲು ಏರ್ತದೆ. ಅದೇ ಜಿಂಕನ್ನು ವೈಬಿಸಿಒ (ಇಟ್ರಿಯಂ, ಬೇರಿಯಂ, ಕಾಪರ್, ಆಕ್ಸಿಜನ್ ಸೇರಿದ್ದು) ಅನ್ನೋ ಸೂಪರ್‌ಕಂಡಕ್ಟರಿಗೆ, ಅಂದ್ರೆ ತಣ್ಣಗಾದಾಗ ತಡೆಯೇ ಇಲ್ಲದೆ ಕರೆಂಟ್ ಹರಿಸೋ ವಸ್ತುವಿಗೆ, ಹಾಕಿ, ನೂರು ಕಾಪರಿನಲ್ಲಿ ಒಂದನ್ನು ತೆಗೆದು ಆ ಜಾಗದಲ್ಲಿ ಜಿಂಕ್ ಕೂರಿಸಿದ್ರೆ ಸಾಕು, ಟಿಸಿ, ಅಂದ್ರೆ ಆ ಗುಣ ಶುರುವಾಗೋ ತಾಪಮಾನ, ಹತ್ತು ಕೆಲ್ವಿನ್ ಆಸುಪಾಸು ಕೆಳಗೆ ಬೀಳ್ತದೆ. ಇನ್ನು ಗಡೋಲಿನಿಯಂ ನೋಡಿ, ಏಳು ಒಂಟಿ ಎಲೆಕ್ಟ್ರಾನ್ ಇಟ್ಕೊಂಡಿರೋ ಪಕ್ಕಾ ಮ್ಯಾಗ್ನೆಟಿಕ್ ಅಯಾನು ಅದು, ಅದೇ ವೈಬಿಸಿಒದ ಇಟ್ರಿಯಂ ಅಷ್ಟನ್ನೂ ತೆಗೆದು ಪೂರ್ತಿ ಗಡೋಲಿನಿಯಂ ತುಂಬಿಸಿದ್ರೂ ಟಿಸಿ 90 ಕೆಲ್ವಿನ್ ಮೇಲೆಯೇ ಇರ್ತದೆ, ಒಂಚೂರೂ ಅಲ್ಲಾಡೋದಿಲ್ಲ.

ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ ಕಡೆಯಿಂದ ಎಂಎಸ್ಸಿ ಪ್ರಾಜೆಕ್ಟಿಗೆ ಅಂತ ಬರೋ ಮಕ್ಕಳು ಮೊದಲು ಕೇಳೋದು "ಸರ್, ಎಂತ ಡೋಪ್ ಮಾಡೋದು?" ಅಂತ. ಡೋಪ್ ಅಂದ್ರೆ ಮೂಲ ವಸ್ತುವಿಗೆ ಬೇಕಂತಲೇ ಬೇರೆ ಅಯಾನನ್ನು ಸ್ವಲ್ಪ ಸೇರಿಸೋದು. "ಎಲ್ಲಿಗೆ?" ಅಂತ ನಾನು ತಿರುಗಿ ಕೇಳ್ತೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿ ಪ್ಲಸ್ ಟುವಿನಲ್ಲಿ ಇಂಗ್ಲಿಷಿಗೆ ಬಿದ್ದವರು ಇವರೆಲ್ಲ, ವಿಷಯ ತಲೆಯಲ್ಲಿ ಉಂಟು ಆದ್ರೆ ಕೇಳೋದಕ್ಕೆ ಸಂಕೋಚ, ಹಾಗಾಗಿ ಕನ್ನಡದಲ್ಲೇ ಹೇಳಿ ಹೇಳಿ ನನಗೂ ಅಭ್ಯಾಸ ಆಗಿದೆ.

ಶುರು ಮಾಡಬೇಕಾದ್ದು ಡೋಪ್ ಮಾಡದ ವಸ್ತುವಿನಿಂದ. ಲ್ಯಾಂಥನಮ್ ಕಾಪರ್ ಆಕ್ಸೈಡ್ ತಗೊಳ್ಳಿ. ಇದರಲ್ಲಿ ಕಾಪರ್ ಮತ್ತು ಆಕ್ಸಿಜನ್ ಸೇರಿ ಹಾಳೆ ಹಾಳೆಯಾಗಿ ಕೂತಿರ್ತವೆ, ಒಂದೊಂದು ಕಾಪರಿಗೂ ಒಂದೊಂದು ಒಂಟಿ ಎಲೆಕ್ಟ್ರಾನ್. ಪುಸ್ತಕದ ಸಾದಾ ಲೆಕ್ಕದಲ್ಲಿ ಇದು ಕರೆಂಟ್ ಹರಿಸಬೇಕು, ಆದ್ರೆ ಹರಿಸೋದಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಹೋಗೋ ಬಸ್ಸು ಬೆಳಿಗ್ಗೆ ಎಂಟೂವರೆಗೆ ಹೇಗಿರ್ತದೆ ಗೊತ್ತಲ್ಲ, "ಒಳಗೆ ಹೋಗಿ, ಒಳಗೆ ಹೋಗಿ" ಅಂತ ಎಷ್ಟು ಬೊಬ್ಬೆ ಹೊಡೆದ್ರೂ ಕಾಲು ಎತ್ತಿಡೋದಕ್ಕೆ ಜಾಗ ಇಲ್ಲ, ಕುಂಬಳೆಯಲ್ಲಿ ನಾಲ್ಕು ಜನ ಇಳಿದ್ರೆ ಮಾತ್ರ ಉಳಿದವರು ಸರಿಯಬಹುದು. ಇಲ್ಲಿಯೂ ಅಷ್ಟೇ, ಒಂದು ಕಾಪರಿನ ಮೇಲೆ ಎರಡು ಎಲೆಕ್ಟ್ರಾನ್ ಒಟ್ಟಿಗೆ ಕೂರೋದಕ್ಕೆ ಅವುಗಳ ವಿಕರ್ಷಣೆ ಬಿಡೋದಿಲ್ಲ, ಎಲ್ಲಾ ಸೀಟೂ ಭರ್ತಿ, ಹಾಗಾಗಿ ಎಲ್ಲವೂ ಇದ್ದಲ್ಲೇ. ಹೀಗೆ ಸಿಕ್ಕಿಹಾಕಿಕೊಂಡ ಎಲೆಕ್ಟ್ರಾನ್‌ಗಳ ಸ್ಪಿನ್, ಅಂದ್ರೆ ಒಂದೊಂದರ ಪುಟ್ಟ ಕಾಂತಮುಳ್ಳು, ಒಂದು ಮೇಲೆ, ಪಕ್ಕದ್ದು ಕೆಳಗೆ, ಮತ್ತೆ ಮೇಲೆ, ಹೀಗೆ ಸಾಲಾಗಿ ನಿಲ್ತವೆ. ಇದಕ್ಕೆ ಆಂಟಿಫೆರೋಮ್ಯಾಗ್ನೆಟ್ ಅಂತ ಹೆಸರು. ಈ ಸಾಲು ಸುಮಾರು 320 ಕೆಲ್ವಿನ್‌ವರೆಗೂ ಕೆಡೋದಿಲ್ಲ, ನಮ್ಮ ಏಪ್ರಿಲ್ ಸೆಕೆಯೂ ಅದಕ್ಕೆ ಏನೂ ಮಾಡೋದಿಲ್ಲ ಅಂತ ಲೆಕ್ಕ.

ಈಗ ಮೂರು ಪಾಸಿಟಿವ್ ಚಾರ್ಜಿನ ಲ್ಯಾಂಥನಮ್ ಜಾಗದಲ್ಲಿ ಎರಡೇ ಚಾರ್ಜಿನ ಸ್ಟ್ರಾನ್ಷಿಯಂ ಕೂರಿಸಿ. ಕೊರತೆ ಬಿದ್ದ ಒಂದು ಎಲೆಕ್ಟ್ರಾನನ್ನು ಕಾಪರ್-ಆಕ್ಸಿಜನ್ ಹಾಳೆ ಕೊಡಬೇಕಾಗ್ತದೆ, ಅಲ್ಲಿ ಒಂದು ಹೋಲ್ ಬೀಳ್ತದೆ. ಒಂದು ಕಾಪರಿಗೆ 0.02 ಹೋಲ್, ಅಂದ್ರೆ ಐವತ್ತು ಕಾಪರಿಗೆ ಒಂದೇ ಒಂದು, ಅಷ್ಟಕ್ಕೇ ಆ ಗಟ್ಟಿ ಆಂಟಿಫೆರೋಮ್ಯಾಗ್ನೆಟ್ ಸಾಲು ಚದುರಿ ಹೋಗ್ತದೆ. 0.05 ದಾಟಿದ ಮೇಲೆ ಸೂಪರ್‌ಕಂಡಕ್ಟಿವಿಟಿ ತಲೆ ಎತ್ತುತ್ತದೆ, 0.16ರ ಹತ್ರ ಟಿಸಿ ಸುಮಾರು 38 ಕೆಲ್ವಿನ್ ಮುಟ್ಟಿ, 0.27ರ ಸುತ್ತಮುತ್ತ ಮಾಯವಾಗಿ ವಸ್ತು ಒಂದು ಸಾಮಾನ್ಯ ಲೋಹದ ಹಾಗೆ ಆಗಿಬಿಡ್ತದೆ. 1986ರಲ್ಲಿ ಜ್ಯೂರಿಕ್‌ನ ಐಬಿಎಂ ಲ್ಯಾಬಿನ ಬೆಡ್ನಾರ್ಜ್ ಮತ್ತು ಮ್ಯುಲ್ಲರ್ ಹಿಡಿದದ್ದು ಇದರ ಬೇರಿಯಂ ಅಣ್ಣನನ್ನು, ಮರುವರ್ಷವೇ ನೊಬೆಲ್ ಬಂತು. ಆ ಬೇರಿಯಂ ವಸ್ತುವಿನಲ್ಲಿ ಒಂದು ತಮಾಷೆಯೂ ಉಂಟು, ಹೋಲ್ ಸರಿಯಾಗಿ ಎಂಟಕ್ಕೆ ಒಂದು ಅಂತ ಆದಾಗ ಟಿಸಿ ಹೊಂಡಕ್ಕೆ ಬಿದ್ದ ಹಾಗೆ ಬೀಳ್ತದೆ, ಚಾರ್ಜೂ ಸ್ಪಿನ್ನೂ ಪಟ್ಟಿ ಪಟ್ಟಿಯಾಗಿ ಸಾಲುಗಟ್ಟಿ ನಿಂತು ಓಡಾಟವೇ ಬಂದ್. ಇಂಥ ಪಟ್ಟಿಗಳನ್ನು ಟ್ರಾಂಕ್ವಾಡಾ ಅವರ ತಂಡ ನ್ಯೂಟ್ರಾನ್ ಹಾಯಿಸಿ 1995ರಲ್ಲಿ ತೋರಿಸಿತು. ಪುಸ್ತಕದಲ್ಲಿ ಚಂದಕ್ಕೆ ಗುಮ್ಮಟದ ಹಾಗೆ ಬಿಡಿಸಿರೋ ಕರ್ವ್ ನೋಡಿ ಎಲ್ಲಾ ಅಷ್ಟು ನುಣುಪು ಅಂತ ತಿಳ್ಕೊಳ್ಬೇಡಿ.

0.02, 0.05, 0.16 ಅಂತ ಹೇಳೋದು ಸುಲಭ, ಜೂನ್ ತಿಂಗಳಲ್ಲಿ ಕಾಸರಗೋಡಿನಲ್ಲಿ ಕೂತು ಅದನ್ನು ತೂಗೋದು ಬೇರೆಯೇ ಕಥೆ. ಲ್ಯಾಂಥನಮ್ ಆಕ್ಸೈಡ್ ನೋಡೋದಕ್ಕೆ ಮೈದಾ ಹಿಟ್ಟಿನಂಥ ಬಿಳಿ ಪುಡಿ. ಗಾಳಿಯ ನೀರನ್ನು ಎಳ್ಕೊಂಡು ತಾನೇ ಹೈಡ್ರಾಕ್ಸೈಡ್ ಆಗ್ತಾ ಹೋಗ್ತದೆ, ಬಣ್ಣ ಬದಲಾಗೋದಿಲ್ಲ, ಗಂಟು ಕಟ್ಟಬೇಕು ಅಂತಲೂ ಇಲ್ಲ, ನೋಡಿದ್ರೆ ಏನೂ ಗೊತ್ತೇ ಆಗೋದಿಲ್ಲ. 100 ಗ್ರಾಂ ಆಕ್ಸೈಡ್ ಪೂರ್ತಿ ಹೈಡ್ರಾಕ್ಸೈಡ್ ಆದ್ರೆ 116 ಗ್ರಾಂ ದಾಟುತ್ತದೆ. ಮುಚ್ಚಳ ಸಡಿಲ ಇದ್ದ ಬಾಟ್ಲಿಯಿಂದ ಇಂಥ ಪುಡಿ ತೆಗೆದು, ನಾಲ್ಕು ಡೆಸಿಮಲ್ ತೋರಿಸೋ ಬ್ಯಾಲೆನ್ಸಿನಲ್ಲಿ ಬಹಳ ನಾಜೂಕಾಗಿ ತೂಗಿ, 0.15 ಸ್ಟ್ರಾನ್ಷಿಯಂ ಅಂತ ನೋಟ್‌ಬುಕ್ಕಿನಲ್ಲಿ ಬರೆದ್ರೆ, ಅದು ಪೂರ್ತಿ ನೀರು ಕುಡಿದ ಪುಡಿಯಾಗಿದ್ರೆ ನಿಜವಾಗಿ ಬಂದಿರೋದು 0.17ರ ಆಸುಪಾಸು, ಮೇಲಿಂದ ಜೋಡಿ ಸಿಗದೆ ಉಳಿದ ಒಂದಷ್ಟು ಕಾಪರ್ ಆಕ್ಸೈಡ್. ಶಿಖರದ ಈಚೆ ಇರಬೇಕಾದ ಸ್ಯಾಂಪಲ್ ಶಿಖರ ದಾಟಿ ಆಚೆಗೆ ಇಳಿದಿರ್ತದೆ, ಹುಡುಗ ಬಂದು "ಸರ್, ಟ್ರೆಂಡ್ ಸರಿ ಬರ್ತಾ ಇಲ್ಲ" ಅಂತ ತಲೆ ಕೆರ್ಕೊಳ್ತಾನೆ. ಪುಡಿಯನ್ನು ಹಿಂದಿನ ರಾತ್ರಿಯೇ ಫರ್ನೇಸಿಗೆ ಹಾಕಿ 900–1000 ಡಿಗ್ರಿಯಲ್ಲಿ ಕಾಯಿಸಬೇಕು, ಬೆಳಿಗ್ಗೆ ಬಿಸಿ ಇರುವಾಗಲೇ ತೇವ ಒಳಬಿಡದ ಡೆಸಿಕೇಟರ್ ಪಾತ್ರೆಗೆ ವರ್ಗಾಯಿಸಿ, ತಣ್ಣಗಾದ ಕೂಡಲೇ ತೂಗಬೇಕು, ಮಧ್ಯೆ ಚಾ ಕುಡಿಯೋದಕ್ಕೆ ಹೋಗಬಾರದು. ಬಯಲುಸೀಮೆಯ ಲ್ಯಾಬಿನವರು ಇದನ್ನು ಅಷ್ಟು ತಲೆಗೆ ಹಚ್ಕೊಳ್ಳದೆ ಇರಬಹುದು, ನಮ್ಮ ಕರಾವಳಿಯಲ್ಲಿ ಅದು ನಡೆಯೋದಿಲ್ಲ ಮಾರಾಯ್ರೆ.

ವೈಬಿಸಿಒದಲ್ಲಿ ಡೋಪ್ ಮಾಡೋ ವಸ್ತು ಬಾಟ್ಲಿಯಲ್ಲಿ ಬರೋದೇ ಇಲ್ಲ, ಅದು ಆಕ್ಸಿಜನ್. ಫಾರ್ಮುಲಾದಲ್ಲಿ ಆಕ್ಸಿಜನ್ 6 ಇದ್ರೆ ಅದು ಇನ್ಸುಲೇಟರ್, ಆಂಟಿಫೆರೋಮ್ಯಾಗ್ನೆಟ್. 6.4ರ ಆಸುಪಾಸಿಗೆ ಸೂಪರ್‌ಕಂಡಕ್ಟಿವಿಟಿ ಶುರು, 6.93ಕ್ಕೆ ಟಿಸಿ 93 ಕೆಲ್ವಿನ್ ಹತ್ರ. ಸೇರಿದ ಆಕ್ಸಿಜನ್ ಕೂರೋದು ಹಾಳೆಯಲ್ಲಿ ಅಲ್ಲ, ಪಕ್ಕದ ಕಾಪರ್ ಸರಪಳಿಯಲ್ಲಿ. ಅಲ್ಲಿ ಕೂತು ಹಾಳೆಯಿಂದ ಎಲೆಕ್ಟ್ರಾನ್ ಎಳ್ಕೊಳ್ತದೆ. ಇಟ್ರಿಯಂ ಆಕ್ಸೈಡ್, ಬೇರಿಯಂ ಕಾರ್ಬೊನೇಟ್, ಕಾಪರ್ ಆಕ್ಸೈಡ್ ಮೂರನ್ನೂ ಅಗೇಟ್ ಮಾರ್ಟರಿನಲ್ಲಿ ಕೈ ಸೋಲುವಷ್ಟು ಅರೆದು, ಪೆಲೆಟ್, ಅಂದ್ರೆ ಬಿಲ್ಲೆ, ಒತ್ತಿ 930–950 ಡಿಗ್ರಿಯಲ್ಲಿ ಬೇಯಿಸಿದಾಗ ಆ ಬಿಸಿಗೆ ಆಕ್ಸಿಜನ್ ಹೊರಗೆ ಹೋಗಿರ್ತದೆ, ಅದನ್ನು ವಾಪಸ್ ಕರೆಸಬೇಕಾದ್ರೆ 450 ಡಿಗ್ರಿ ಆಸುಪಾಸಿನಲ್ಲಿ ಆಕ್ಸಿಜನ್ ಹರಿಸ್ತಾ ಗಂಟೆಗಟ್ಟಲೆ ಕಾಯಬೇಕು. ಸಾಯಂಕಾಲದ ಬಸ್ಸಿಗೆ ಲೇಟಾಗ್ತದೆ ಅಂತ ಫರ್ನೇಸಿನಿಂದ ಬಿಸಿಬಿಸಿ ಎಳೆದು ಹೊರಗಿಟ್ಟ ಪೆಲೆಟ್ಟೂ ಕಪ್ಪೇ, ಸರಿಯಾಗಿ ಕಾದದ್ದೂ ಕಪ್ಪೇ. ವ್ಯತ್ಯಾಸ ತಿಳಿಯೋದು ಲಿಕ್ವಿಡ್ ನೈಟ್ರೋಜನ್ ಹೊಯ್ದಾಗ. ದನದ ಆಸ್ಪತ್ರೆಗಳಲ್ಲಿ ಸೆಮೆನ್ ಸ್ಟ್ರಾ ಇಡೋ ಕ್ಯಾನಿನಲ್ಲಿರೋದೂ ಇದೇ ನೈಟ್ರೋಜನ್, 77 ಕೆಲ್ವಿನ್, ಅಂದ್ರೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಒಂದು ಪೆಲೆಟ್ ಮೇಲೆ ಸಣ್ಣ ಮ್ಯಾಗ್ನೆಟ್ ತೇಲ್ತದೆ, ಇನ್ನೊಂದರ ಮೇಲೆ ತಟಕ್ಕಂತ ಕೂತುಬಿಡ್ತದೆ. ಕೂತದ್ದು ಸೂಪರ್‌ಕಂಡಕ್ಟರೇ ಅಲ್ಲ ಅಂತ ಎಸೆಯೋದಕ್ಕೂ ಆಗೋದಿಲ್ಲ, ಆಕ್ಸಿಜನ್ 6.6ರ ಹತ್ರ ನಿಂತಿದ್ರೆ ಅದರ ಟಿಸಿ 60 ಕೆಲ್ವಿನ್, ನೈಟ್ರೋಜನ್‌ಗೆ ಅಷ್ಟು ಕೆಳಗೆ ಇಳಿಸೋ ತಾಕತ್ತಿಲ್ಲ ಅಷ್ಟೇ. ಅದನ್ನೇ ಮತ್ತೆ ಆಕ್ಸಿಜನ್‌ನಲ್ಲಿ ಕಾಯಿಸಿದ್ರೆ ತೇಲಿಸ್ತದೆ. ಪೆಲೆಟ್ ಹಸಿರು ಹಸಿರಾಗಿ ಬಂದ್ರೆ ಮಾತ್ರ ಕಥೆ ಬೇರೆ, ಅದು ಇಟ್ರಿಯಂ ಜಾಸ್ತಿಯಾದ ಬೇರೆಯೇ ವಸ್ತು. 1987ರಲ್ಲಿ ಅಮೆರಿಕದ ವೂ ಮತ್ತು ಚೂ ಅವರ ತಂಡಗಳು 90 ಕೆಲ್ವಿನ್ ದಾಟಿದ ಆ ಮೊದಲ ಸ್ಯಾಂಪಲ್ಲಿನಲ್ಲೂ ಕಪ್ಪಿನ ಜೊತೆ ಈ ಹಸಿರು ಬೆರೆತಿತ್ತು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಅದೇ ವರ್ಷ ಇದೇ ವಸ್ತುವಿನ ಹಿಂದೆ ಬಿದ್ದಿತ್ತು. ಮತ್ತೊಂದು ಮಾತು, ಒಳ್ಳೇ ಪೆಲೆಟ್ಟನ್ನು ಮಳೆಗಾಲದಲ್ಲಿ ಮೇಜಿನ ಮೇಲೆ ಹಾಗೇ ಬಿಟ್ರೆ ಮೇಲೆ ಬಿಳಿ ಪೊರೆ ಕಟ್ತದೆ, ಬೂಷ್ಟು ಅಲ್ಲ, ನೀರಿಗೆ ಬೇರಿಯಂ ಬಿಟ್ಟುಬಂದು ಕಾರ್ಬೊನೇಟ್ ಆದದ್ದು.

ಈಗ ಜಿಂಕಿಗೆ ಬರುವ. ಹಳೇ ಸೂಪರ್‌ಕಂಡಕ್ಟರ್‌ಗಳಲ್ಲಿ, ಅಂದ್ರೆ ಸೀಸ, ಲ್ಯಾಂಥನಮ್ ಇಂಥ ಲೋಹಗಳಲ್ಲಿ, ನಿಯಮ ನೇರ ಇತ್ತು. ಮ್ಯಾಗ್ನೆಟಿಕ್ ಕಲ್ಮಶ ವಿಷ, ಬೇರೆಯದ್ದು ನಡೀತದೆ. ಲ್ಯಾಂಥನಮ್ ಲೋಹಕ್ಕೆ ನೂರಕ್ಕೆ ಒಂದರಷ್ಟು ಗಡೋಲಿನಿಯಂ ಹಾಕಿದ್ರೆ ಸೂಪರ್‌ಕಂಡಕ್ಟಿವಿಟಿ ಹೆಚ್ಚುಕಡಿಮೆ ಪೂರ್ತಿ ಹೋಗ್ತದೆ ಅಂತ ಮಥಿಯಾಸ್ ತಂಡ 1958ರಲ್ಲೇ ತೋರಿಸಿತ್ತು. ವಿರುದ್ಧ ಸ್ಪಿನ್ನಿನ ಎರಡು ಎಲೆಕ್ಟ್ರಾನ್ ಜೋಡಿಯಾಗೋದೇ ಅಲ್ಲಿಯ ಗುಟ್ಟು, ಗಡೋಲಿನಿಯಂ ಆ ಸ್ಪಿನ್ನನ್ನೇ ತಿರುಗಿಸಿ ಜೋಡಿ ಮುರೀತದೆ. ಹಾಗಾದ್ರೆ ವೈಬಿಸಿಒದಲ್ಲಿ ಯಾಕೆ ಸುಮ್ಮನಿರ್ತದೆ? ಅಲ್ಲಿ ಅದು ಕೂರೋದು ಎರಡು ಹಾಳೆಗಳ ನಡುವಿನ ಇಟ್ರಿಯಂ ಜಾಗದಲ್ಲಿ, ಜೋಡಿ ಓಡಾಡೋ ದಾರಿಯಲ್ಲೇ ಅಲ್ಲ. ಜಿಂಕ್ ಕೂರೋದು ಹಾಳೆಯ ಒಳಗೆ, ಕಾಪರ್ ಇರಬೇಕಾದ ಜಾಗದಲ್ಲಿ. ಮೇಲೆ-ಕೆಳಗೆ ಸ್ಪಿನ್ನುಗಳ ನಡುವೆ ಸ್ಪಿನ್ನೇ ಇಲ್ಲದ ಒಂದು ಖಾಲಿ ಗೂಡು, ಅದರ ಸುತ್ತ ಜೋಡಿಗಳು ಚೆಲ್ಲಾಪಿಲ್ಲಿ. 2000ದಲ್ಲಿ ಇದೇ ಜಾತಿಯ ಬಿಸ್ಮತ್ ಸೂಪರ್‌ಕಂಡಕ್ಟರಿನಲ್ಲಿ ಜಿಂಕ್ ಇದ್ದ ಕಡೆ ಸೂಕ್ಷ್ಮ ಸೂಜಿಯ ಟನೆಲಿಂಗ್ ಮೈಕ್ರೋಸ್ಕೋಪಿನಿಂದ ನೋಡಿದಾಗ ಒಂದೊಂದು ಜಿಂಕ್ ಪರಮಾಣುವಿನ ಸುತ್ತಲೂ ಶಿಲುಬೆ ಆಕಾರದ ಕಲೆ ಕಂಡಿತು. ಮ್ಯಾಗ್ನೆಟಿಕ್ ಆಗಿರೋ ನಿಕ್ಕಲ್ ಅದೇ ಜಾಗದಲ್ಲಿ ಕೂತು ಜಿಂಕಿಗಿಂತ ಕಡಿಮೆ ಹಾಳು ಮಾಡ್ತದೆ, ಹಳೇ ನಿಯಮ ಉಲ್ಟಾ. ಜಾಗ ಒಂದೇ ನೋಡಿದ್ರೆ ಎಲ್ಲಾ ತಿಳೀತದೆ ಅಂತಲೂ ಹೇಳಬೇಡಿ, ಇಟ್ರಿಯಂ ಜಾಗದಲ್ಲೇ ಪ್ರಸಿಯೋಡಿಮಿಯಂ ಕೂರಿಸಿದ್ರೆ ಸೂಪರ್‌ಕಂಡಕ್ಟಿವಿಟಿ ಹೋಗ್ತದೆ, ಅದರ ಎಲೆಕ್ಟ್ರಾನ್‌ಗಳು ಪಕ್ಕದ ಆಕ್ಸಿಜನ್ ಜೊತೆ ಬೆರೆತು ಹೋಲುಗಳನ್ನು ಕಟ್ಟಿ ಹಾಕ್ತವೆ. ಕಬ್ಬಿಣದ ಸೂಪರ್‌ಕಂಡಕ್ಟರ್‌ಗಳಂತೂ, 2008ರಲ್ಲಿ ಹೊಸೊನೊ ತಂಡ ಆಕ್ಸಿಜನ್ ಜಾಗಕ್ಕೆ ಫ್ಲೋರಿನ್ ಹಾಕಿ 26 ಕೆಲ್ವಿನ್ ತಂದ ಜಾತಿಯವು, ಇನ್ನೂ ಉದಾರಿಗಳು. ಅವುಗಳ ಪೈಕಿ ಬೇರಿಯಂ ಇರೋ ಒಂದರಲ್ಲಿ ಕೋಬಾಲ್ಟನ್ನು ನೇರ ಕಬ್ಬಿಣದ ಜಾಗಕ್ಕೇ ಕೂರಿಸಿದ್ರೂ ಸೂಪರ್‌ಕಂಡಕ್ಟಿವಿಟಿ ಹುಟ್ತದೆ.

2023ರ ಜುಲೈಯಲ್ಲಿ ವಾಟ್ಸಾಪ್ ತುಂಬಾ ಓಡಾಡಿದ ಎಲ್‌ಕೆ-99 ನೆನಪಿರಬಹುದು, ಅಪಟೈಟ್ ಅನ್ನೋ ಸೀಸದ ಒಂದು ಫಾಸ್ಫೇಟಿಗೆ ಕಾಪರ್ ಡೋಪ್ ಮಾಡಿ ಕೋಣೆಯ ಬಿಸಿಯಲ್ಲೇ ಸೂಪರ್‌ಕಂಡಕ್ಟರ್ ಆಯ್ತು ಅಂತ ಕೊರಿಯಾದವರು ಹೇಳಿದ್ದು. ಅಲ್ಲಿಯೂ ಕಾಪರ್ ಯಾವ ಸೀಸದ ಜಾಗದಲ್ಲಿ ಕೂತಿದೆ ಅನ್ನೋದರ ಮೇಲೆಯೇ ಎಲ್ಲಾ ವಾದ ನಿಂತಿತ್ತು. ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯವರು ಮಾಡಿ ನೋಡಿದ್ರು, ಸಿಗಲಿಲ್ಲ. ರೆಸಿಸ್ಟೆನ್ಸ್ ಧಡಕ್ಕಂತ ಬಿದ್ದದ್ದು ಒಳಗೆ ಕಲ್ಮಶವಾಗಿ ಉಳಿದ ಕಾಪರ್ ಸಲ್ಫೈಡ್ ಕಿತಾಪತಿ, ಅದು 104 ಡಿಗ್ರಿ ಸುತ್ತಮುತ್ತ ತನ್ನ ರಚನೆಯನ್ನೇ ಬದಲಾಯಿಸ್ತದೆ. ಜರ್ಮನಿಯಲ್ಲಿ ಕಲ್ಮಶ ಇಲ್ಲದ ಹರಳು ಬೆಳೆಸಿದಾಗ ಅದು ನೇರಳೆ ಬಣ್ಣದ ಪಾರದರ್ಶಕ ಇನ್ಸುಲೇಟರ್ ಆಗಿತ್ತು.

ಫೆರೈಟಿನ ಲೆಕ್ಕ ಬಾಕಿ ಉಂಟು. ನಿಕ್ಕಲ್ ಫೆರೈಟಿನಲ್ಲಿ ಎರಡು ಬಗೆಯ ಜಾಗ, ನಾಲ್ಕು ಆಕ್ಸಿಜನ್ ನಡುವಿನ ಎ ಜಾಗ, ಆರು ಆಕ್ಸಿಜನ್ ನಡುವಿನ ಬಿ ಜಾಗ, ಎರಡರ ಸ್ಪಿನ್ನೂ ಎದುರುಬದುರು. ಎ ಜಾಗದಲ್ಲಿ ಒಂದು ಕಬ್ಬಿಣ, ಬಲ 5, ಅಂದ್ರೆ ಐದು ಒಂಟಿ ಎಲೆಕ್ಟ್ರಾನ್. ಬಿ ಜಾಗದಲ್ಲಿ ಇನ್ನೊಂದು ಕಬ್ಬಿಣ 5, ನಿಕ್ಕಲ್ 2, ಒಟ್ಟು 7. ಎಳೆದಾಟದಲ್ಲಿ ಕೊನೆಗೆ ಉಳಿಯೋದು 2 ಮಾತ್ರ. ಜಿಂಕಿಗೆ ಎ ಜಾಗವೇ ಇಷ್ಟ. ಅಲ್ಲಿ ಹೋಗಿ ಕೂತು ಅಲ್ಲಿದ್ದ ಕಬ್ಬಿಣವನ್ನು ಬಿ ಕಡೆಗೆ ತಳ್ತದೆ. ಸೋಲುವ ಪಕ್ಷದವರು ಕಡಿಮೆ ಆದ್ರು, ಗೆಲ್ಲುವ ಪಕ್ಷಕ್ಕೆ ಹೋಗಿ ಸೇರಿದ್ರು, ಹಾಗಾಗಿ ಜಿಂಕ್ ಪಾಲು 0.3 ಆದಾಗ ಲೆಕ್ಕದಲ್ಲಿ 4.4 ಬರ್ತದೆ. ಅರ್ಧದ ಹತ್ರ ಹೋದ ಮೇಲೆ ಎ ಜಾಗ ಬಡವಾಗಿ ಬಿ ಕಡೆಯ ಸ್ಪಿನ್ನುಗಳನ್ನು ಹಿಡಿದು ನಿಲ್ಲಿಸೋ ಬಲವೇ ಇಲ್ಲದೆ ಅವು ಓರೆಯಾಗ್ತವೆ, ಕರ್ವ್ ಇಳೀತದೆ, ಕ್ಯೂರಿ ತಾಪಮಾನವಂತೂ, ಅಂದ್ರೆ ಮ್ಯಾಗ್ನೆಟ್ ಗುಣ ಅಳಿದುಹೋಗೋ ತಾಪಮಾನ, ಮೊದಲಿಂದಲೇ ಇಳೀತಾ ಬಂದಿರ್ತದೆ. ಪೂರ್ತಿ ಜಿಂಕ್ ಫೆರೈಟ್ ಮಾಡಿ ನೋಡಿದ್ರೆ ಕೋಣೆಯ ಬಿಸಿಯಲ್ಲಿ ಅದು ಮ್ಯಾಗ್ನೆಟ್ಟೇ ಅಲ್ಲ. ನಿಮ್ಮ ಮೊಬೈಲ್ ಚಾರ್ಜರ್ ಒಳಗಿನ ಟ್ರಾನ್ಸ್‌ಫಾರ್ಮರ್ ಕೋರ್ ಸಾಮಾನ್ಯವಾಗಿ ಇದೇ ಮನೆತನದ ಮ್ಯಾಂಗನೀಸ್-ಜಿಂಕ್ ಫೆರೈಟ್.

ಕಾಯಂ ಮ್ಯಾಗ್ನೆಟ್‌ಗಳಲ್ಲಿ ಈಗ ದುಡ್ಡಿನ ಪ್ರಶ್ನೆ. ಎಲೆಕ್ಟ್ರಿಕ್ ಗಾಡಿಗಳ ಮೋಟಾರಿನಲ್ಲಿ ಹೆಚ್ಚಾಗಿ ಇರೋದು ನಿಯೋಡಿಮಿಯಂ-ಕಬ್ಬಿಣ-ಬೋರಾನ್ ಮ್ಯಾಗ್ನೆಟ್, 1980ರ ದಶಕದಲ್ಲಿ ಬಂದದ್ದು. ಮೋಟಾರು ಬಿಸಿಯಾದ್ರೆ ಅದರ ಹಿಡಿತ ಸಡಿಲ ಆಗ್ತದೆ. ಸ್ವಲ್ಪ ನಿಯೋಡಿಮಿಯಂ ತೆಗೆದು ಡಿಸ್ಪ್ರೋಸಿಯಂ ಹಾಕಿದ್ರೆ ಹಿಡಿತ ಗಟ್ಟಿ, ಆದ್ರೆ ಡಿಸ್ಪ್ರೋಸಿಯಂ ಕಾಂತಬಲ ಕಬ್ಬಿಣದ್ದಕ್ಕೆ ಎದುರು ನಿಲ್ಲೋದ್ರಿಂದ ಒಟ್ಟು ಶಕ್ತಿ ಕಡಿಮೆ, ಬೆಲೆಯೂ ದುಬಾರಿ, ಅದರ ಮೇಲೆ 2025ರ ಏಪ್ರಿಲಿನಲ್ಲಿ ಚೀನಾ ಇದರ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಕೊಲ್ಲಂ ಹತ್ರದ ಚವರದ ಕರಿ ಮರಳಲ್ಲಿ ಮೊನಜೈಟ್ ಅನ್ನೋ ಖನಿಜ ಉಂಟಲ್ಲ ಅಂತ ಕೇಳ್ತಾರೆ. ಉಂಟು, ಅದರಲ್ಲಿ ಸೀರಿಯಂ, ಲ್ಯಾಂಥನಮ್, ನಿಯೋಡಿಮಿಯಂ ಎಲ್ಲಾ ಧಾರಾಳ ಉಂಟು, ಡಿಸ್ಪ್ರೋಸಿಯಂ ಮಾತ್ರ ತೀರಾ ಕಮ್ಮಿ. ಹಾಗಾಗಿ ಮ್ಯಾಗ್ನೆಟ್ ಮಾಡೋರು ಈಗ ಡಿಸ್ಪ್ರೋಸಿಯಂ ಅನ್ನು ಇಡೀ ತುಂಡಿಗೆ ಕರಗಿಸಿ ಹಾಕೋ ಬದಲು ಮೇಲೆ ಸವರಿ ಕಾಯಿಸಿ, ಒಳಗಿನ ಕಣಗಳ ಅಂಚಿಗೆ ಮಾತ್ರ ಹರಿದು ಹೋಗುವ ಹಾಗೆ ಮಾಡ್ತಾರೆ. ಮ್ಯಾಗ್ನೆಟ್ ತಿರುಗಿ ಬೀಳೋದು ಮೊದಲು ಆ ಅಂಚಿನಿಂದಲೇ, ಹಾಗಾಗಿ ಕಾವಲು ಬೇಕಾದ್ದೂ ಅಲ್ಲಿ ಮಾತ್ರ. ಕಣಗಳನ್ನೇ ಇನ್ನೂ ಸಣ್ಣ ಮಾಡಿ ಡಿಸ್ಪ್ರೋಸಿಯಂ ಇಲ್ಲದೆಯೇ ಸುಧಾರಿಸೋ ದಾರಿಯನ್ನೂ ಕೆಲವರು ಹಿಡಿದಿದ್ದಾರೆ, ಆದ್ರೆ ಪುಡಿ ಅಷ್ಟು ನಯವಾದ್ರೆ ಗಾಳಿ ತಾಗಿದ ಕೂಡಲೇ ಹೊತ್ತಿಕೊಳ್ಳೋ ಅಪಾಯ ಉಂಟು, ಅದಕ್ಕೆ ಅರೆಯೋದರಿಂದ ಒತ್ತೋವರೆಗೆ ಎಲ್ಲವನ್ನೂ ಆಕ್ಸಿಜನ್ ಸುಳಿಯದ ಕಡೆಯೇ ಮಾಡಬೇಕಾಗ್ತದೆ.